ಒವಾಹು ದ್ವೀಪಕ್ಕೆ ಒಂದೇ ದಿನ: ಕಾರೋ, ಬಸ್ಸೋ, ಟೂರ್ ವ್ಯಾನೋ?

ಹವಾಯಿಗೆ ಹೋದವರು ಹೆಚ್ಚಾಗಿ ಉಳಿದುಕೊಳ್ಳುವುದು ಒವಾಹು ದ್ವೀಪದ ವೈಕೀಕಿಯಲ್ಲಿ. ಅಲ್ಲಿಂದ ಪೂರ್ವ ಕರಾವಳಿ, ಉತ್ತರ ತೀರ, ನಡುವಿನ ಅನಾನಸ್ ಬಯಲು ನೋಡಿಕೊಂಡು ಮರಳಲು ಸುಮಾರು 160 ಕಿ.ಮೀ. ಬಾಡಿಗೆ ಕಾರು, ಊರ ಬಸ್ಸು, ಟೂರ್ ವ್ಯಾನು ಮೂರರಲ್ಲೂ ಈ ಸುತ್ತು ಹಾಕಿ ನೋಡಿದ ಮೇಲೆ ನಮ್ಮ ಅಭಿಪ್ರಾಯ ಇದು: ಕೈಯಲ್ಲಿರುವುದು ಒಂದೇ ದಿನ, ಗಾಡಿ ಓಡಿಸಲು ಅಳುಕಿಲ್ಲ ಎಂದಾದರೆ ಕಾರೇ ಸರಿ. ಆದರೆ ಅದರ ಲಾಭ ಸಿಗುವುದು ಬೇಗ ಹೊರಟು, ಸರಿಯಾದ ದಿಕ್ಕು ಹಿಡಿದರೆ ಮಾತ್ರ.

ಅಪ್ರದಕ್ಷಿಣೆಯಾಗಿ, ಅಂದರೆ ಮೊದಲು ಪೂರ್ವಕ್ಕೆ ಹೊರಡಿ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುವುದರಿಂದ ಕಡಲು ನಿಮ್ಮ ಬಲಕ್ಕೇ ಇರುತ್ತದೆ. ಅಲೆ ಬಡಿದಾಗ ಬಂಡೆಯ ರಂಧ್ರದಿಂದ ನೀರು ಚಿಮ್ಮುವ ಹಲೋನಾ ಬ್ಲೋಹೋಲ್, ಮಕಪು ವ್ಯೂಪಾಯಿಂಟ್‌ಗಳಲ್ಲಿ ಎದುರಿನ ಗಾಡಿಗಳನ್ನು ದಾಟದೆ ಒಳಗೆ ತಿರುಗಬಹುದು. ನಮ್ಮವರಿಗೆ ಅಲ್ಲಿ ನಿಜಕ್ಕೂ ಅಪಾಯದ್ದು ಎಡತಿರುವು. ತಿರುಗಿದ ಮೇಲೆ ಊರಿನ ರೂಢಿಯಲ್ಲಿ ಎಡ ಲೇನ್ ಹಿಡಿದುಬಿಡುತ್ತಾರೆ. ಈ ದಿಕ್ಕಿಗೆ ಇನ್ನೊಂದು ಅನುಕೂಲವೂ ಇದೆ. ಬೆಳಿಗ್ಗೆ ಆಫೀಸಿನವರು ಹೊನೊಲುಲುವಿಗೆ ಬರುವಾಗ ನೀವು ಹೊರಗೆ ಹೋಗುತ್ತೀರಿ, ಸಂಜೆ ಅವರು ಪಶ್ಚಿಮಕ್ಕೆ ಮರಳುವಾಗ ನೀವು ಎಚ್-2, ಎಚ್-1 ಹೆದ್ದಾರಿಯಲ್ಲಿ ಊರ ಕಡೆ ಬರುತ್ತೀರಿ.

ಆರೂವರೆಗೆ ಬಿಟ್ಟರೆ, ಏಳಕ್ಕೆ ಗೇಟು ತೆರೆಯುವಾಗ ಮಕಪು ಲೈಟ್‌ಹೌಸ್ ನಡಿಗೆದಾರಿಯಲ್ಲಿರುತ್ತೀರಿ. ಹೋಗಿಬರಲು 3 ಕಿ.ಮೀ.ಗೆ ತುಸು ಹೆಚ್ಚು, ಟಾರು ಹಾಕಿದ ಏರು, ನೆರಳೆಂಬುದೇ ಇಲ್ಲ. ಬಿಸಿಲೇರಿದ ಮೇಲೆ ಮಕ್ಕಳು, ವಯಸ್ಸಾದವರು ಬಳಲುತ್ತಾರೆ. ಚಳಿಗಾಲದಲ್ಲಾದರೆ ಇಲ್ಲಿಂದಲೇ ತಿಮಿಂಗಿಲ ಕಾಣಬಹುದು. ಅಲ್ಲಿಂದ ಕಾನೆಯೊಹೆ ಬಳಿಯ ಬ್ಯೊಡೊ-ಇನ್ ದೇವಾಲಯ. ಜಪಾನಿ ವಲಸಿಗರು ಹವಾಯಿಗೆ ಬಂದ ನೂರು ವರ್ಷದ ನೆನಪಿಗೆ 1968ರಲ್ಲಿ ಕಟ್ಟಿದ್ದು. ಹಿಂದೆ ಕಡಿದಾದ ಹಸಿರು ಬೆಟ್ಟ, ಅರ್ಧ ಗಂಟೆ ಕೊಡಲೇಬೇಕಾದ ಜಾಗ. ಮಧ್ಯಾಹ್ನ ಉತ್ತರ ತೀರದ ವೈಮೆಯ ಕೊಲ್ಲಿ: ಬೇಸಿಗೆಯಲ್ಲಿ ಕೊಳದಷ್ಟು ಶಾಂತ, ಚಳಿಗಾಲದಲ್ಲಿ ಮನೆಯೆತ್ತರದ ಅಲೆ. ಆಗ ನೀರಿಗಿಳಿಯುವ ಮಾತೇ ಬೇಡ. ಮುಂದಿನ ಲನಿಯಕೆಯದಲ್ಲಿ ಆಮೆ ನೋಡಲು ಜನ ರಸ್ತೆ ದಾಟುತ್ತಲೇ ಇರುವುದರಿಂದ ಗಾಡಿಗಳು ಸಾಲುಗಟ್ಟುತ್ತವೆ. ಹೊತ್ತಾದಷ್ಟೂ ಸಾಲು ಉದ್ದ. ಆಮೆಗೆ ಹತ್ತು ಅಡಿ ದೂರ ಬಿಟ್ಟೇ ನಿಲ್ಲಿ.

ಮೀನು ನೋಡುತ್ತಾ ಈಜುವ ಹನಾಉಮಾ ಕೊಲ್ಲಿಯನ್ನು ಈ ಸುತ್ತಿಗೆ ಸೇರಿಸಬೇಡಿ. ಹೊರಗಿನವರು ಎರಡು ದಿನ ಮೊದಲು ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಬೇಕು, ಸೋಮವಾರ, ಮಂಗಳವಾರ ಮುಚ್ಚಿರುತ್ತದೆ, ಅಲ್ಲೇ ಅರ್ಧ ದಿನ ಹೋಗುತ್ತದೆ.

ಕಾರಿನ ಬಾಡಿಗೆಯಷ್ಟೇ ಹೊರೆ ವೈಕೀಕಿ ಹೋಟೆಲುಗಳ ರಾತ್ರಿ ಪಾರ್ಕಿಂಗ್ ಶುಲ್ಕ. ವೈಕೀಕಿಯಲ್ಲೇ ಬೆಳಿಗ್ಗೆ ಎತ್ತಿ ಸಂಜೆ ಒಪ್ಪಿಸುವಂತೆ ಒಂದೇ ದಿನಕ್ಕೆ ತೆಗೆದುಕೊಳ್ಳಿ. ಕಚೇರಿ ತೆರೆಯುವ, ಮುಚ್ಚುವ ಹೊತ್ತು ಮೊದಲೇ ಕೇಳಿಕೊಳ್ಳಿ; ತೆರೆಯುವುದು ತಡವಾದರೆ ಮೇಲೆ ಹೇಳಿದ ಆರೂವರೆಯೂ ಅಷ್ಟು ಮುಂದೆ ಹೋಗುತ್ತದೆ. ಪಾಸ್‌ಪೋರ್ಟ್, ಬ್ಯಾಗು ಡಿಕ್ಕಿಯಲ್ಲೂ ಬಿಡಬೇಡಿ. ಬೀಚ್ ಪಾರ್ಕಿಂಗ್‌ಗಳಲ್ಲಿ ಗಾಜು ಒಡೆದು ಕದಿಯುತ್ತಾರೆ.

ಬಸ್ಸಿನಷ್ಟು ಅಗ್ಗ ಬೇರೊಂದಿಲ್ಲ. ವೈಕೀಕಿ ಪಕ್ಕದ ಅಲಾ ಮೊವಾನಾದಿಂದ 60ನೇ ನಂಬರು ಕಾನೆಯೊಹೆ ಮಾರ್ಗವಾಗಿ ಉತ್ತರ ತೀರದ ಹಲೆಯಿವಾ ಊರಿಗೆ ಹೋಗುತ್ತದೆ, ಅಲ್ಲಿಂದ 52 ಒಳನಾಡಿನ ಮೂಲಕ ಮರಳುತ್ತದೆ. ಬಸ್ಸಿನ ಹೋಲೋ ಕಾರ್ಡ್ ಮಾಡಿಸಿಕೊಳ್ಳಿ: ಎರಡೂವರೆ ಗಂಟೆಯೊಳಗೆ ಬಸ್ ಬದಲಿಸಿದರೆ ಮತ್ತೆ ಹಣ ಕಡಿಯುವುದಿಲ್ಲ, ಒಂದು ದಿನಕ್ಕೆ ಕಡಿಯುವ ಹಣಕ್ಕೆ ಮಿತಿಯೂ ಇದೆ. ನಗದು ಕೊಟ್ಟರೆ ಪ್ರತಿ ಬಸ್ಸಿಗೂ ಬೇರೆ ಟಿಕೆಟ್, ಚಿಲ್ಲರೆ ವಾಪಸ್ ಕೊಡುವುದಿಲ್ಲ. ತೊಂದರೆ ಇರುವುದು ಸಮಯದ್ದು. ಎಲ್ಲೂ ಇಳಿಯದೆ ಸುತ್ತಿದರೂ ನಾಲ್ಕು ಗಂಟೆಗೂ ಹೆಚ್ಚು ಕೂತಿರಬೇಕು, ಮಕಪು ಕಡೆಯ ತೀರ ಪೂರ್ತಿ ತಪ್ಪುತ್ತದೆ. ಆದ್ದರಿಂದ ಬಸ್ಸಿನಲ್ಲಿ ಇಡೀ ಸುತ್ತಿನ ಆಸೆ ಬಿಡಿ. 52 ಹಿಡಿದು ಹಲೆಯಿವಾ, ಅಲ್ಲಿಂದ 60 ಹಿಡಿದು ವೈಮೆಯ, ಈ ಎರಡನ್ನೇ ನೆಮ್ಮದಿಯಾಗಿ ನೋಡಿ. ಅಲಾ ಮೊವಾನಾದಲ್ಲೇ 60 ಹತ್ತಿದರೆ ಬಲಗಡೆಯ ಕಿಟಕಿ ಹಿಡಿಯಿರಿ.

ವ್ಯಾನ್ ಒಳ್ಳೆಯದು ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರಿಗೆ. ಹೋಟೆಲಿನ ಹತ್ತಿರವೇ ಹತ್ತಿಸಿ ಇಳಿಸುತ್ತಾರೆ. ಆದರೆ ಒಂದೊಂದು ಕಡೆ ಇಪ್ಪತ್ತು ಮೂವತ್ತು ನಿಮಿಷ ಅಷ್ಟೇ, ಮಕಡೇಮಿಯಾ ಬೀಜದ ಅಂಗಡಿಯಲ್ಲಿ ಮಾತ್ರ ಹೊತ್ತು ಧಾರಾಳ. ಊಟಕ್ಕೆ ನಿಲ್ಲಿಸುವುದು ಬಹುಪಾಲು ಕಹುಕುವಿನ ಸಿಗಡಿ ಟ್ರಕ್ಕುಗಳ ಬಳಿ, ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳುವುದು ಲೇಸು. ಲಾಉಲಾಉ ಎಂಬ ತಿನಿಸಿನ ಹೊರಗಿನ ಕೆಸುವಿನೆಲೆ ನೋಡಿ ನಮ್ಮ ಪತ್ರೊಡೆ ಎಂದು ತಿಳಿಯಬೇಡಿ, ಒಳಗೆ ಸಾಮಾನ್ಯವಾಗಿ ಹಂದಿ ಮಾಂಸವಿರುತ್ತದೆ. ಕೆಸುವಿನ ಗೆಡ್ಡೆ ಬೇಯಿಸಿ ಅರೆದ ಪೊಯಿ, ತೆಂಗಿನ ಹಾಲಿನ ಹೌಪಿಯಾ ಇವೆರಡನ್ನು ಧೈರ್ಯವಾಗಿ ತಿನ್ನಬಹುದು.