ಕಂಪನಿ ಬಿಟ್ಟು ಪಾಲಿಕೆಗೋ, ಪಂಚಾಯಿತಿಗೋ?

ಬೆಂಗಳೂರಿನ ಖಾಸಗಿ ಕೆಲಸದಿಂದ ಸ್ಥಳೀಯ ಆಡಳಿತಕ್ಕೆ ಬರುವವರು ಸಾಮಾನ್ಯವಾಗಿ ಕೇಳುವುದು ಮೂರು ಹುದ್ದೆ: ಪಾಲಿಕೆಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಇಲ್ಲವೇ ಹೊರಗುತ್ತಿಗೆಯ ಡೇಟಾ ಎಂಟ್ರಿ.

ಮೊದಲು ವಯಸ್ಸು ನೋಡಿ. ಮೊದಲೆರಡಕ್ಕೂ ಪದವಿ ಬೇಕು, ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ಸಾಮಾನ್ಯ ವರ್ಗಕ್ಕೆ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ ಮತ್ತು ಹಿಂದುಳಿದವರಲ್ಲಿ ಪ್ರವರ್ಗ-1ಕ್ಕೆ 40 ವರ್ಷ ವಾಡಿಕೆಯ ಮಿತಿ. ಸರ್ಕಾರ ಆಗಾಗ ಸಡಿಲಿಸುವುದೂ ಉಂಟು. ಕನ್ನಡ ಭಾಷಾ ಪರೀಕ್ಷೆಯನ್ನು ಹಗುರವಾಗಿ ತಗೋಬೇಡಿ. ಅಧಿಸೂಚನೆಯಿಂದ ನೇಮಕಾತಿ ಆದೇಶದವರೆಗೆ ವರ್ಷಗಳೇ ಉರುಳಬಹುದು, ಅಲ್ಲಿಯವರೆಗೆ ಕೈಲಿರುವ ಕೆಲಸ ಬಿಡಬೇಡಿ.

ಕೆಲಸದ ರೀತಿಯಲ್ಲಿ ವ್ಯತ್ಯಾಸ ಜಾಸ್ತಿ. ಎಫ್‌ಡಿಎ ಅಂದರೆ ಕಡತ, ಟಿಪ್ಪಣಿ, ಬಿಲ್ಲು. ಪಿಡಿಒ ಕುರ್ಚಿಯಲ್ಲಿ ಕೂತರೆ ನಡೆಯದು: ನೀರು, ಬೀದಿದೀಪ, ತೆರಿಗೆ, ಗ್ರಾಮಸಭೆ, ಜೊತೆಗೆ ಸದಸ್ಯರ ಒತ್ತಡ. ಕಂಪನಿಯಲ್ಲಿ ತಂಡ ನಡೆಸಿದವರಿಗೆ, ಜನರ ಜೊತೆ ಏಗಬಲ್ಲವರಿಗೆ ಇದೇ ಹಿಡಿಸೀತು. ಆದರೆ ನಗರದಲ್ಲೇ ಇರಬೇಕು ಅನ್ನುವವರಿಗೆ ಪಾಲಿಕೆಯೇ ಸರಿ. ಬೆಂಗಳೂರಿನಲ್ಲಿ ಪಾಲಿಕೆ ಅಂದರೆ ಈಗ ಒಂದೇ ಅಲ್ಲ, 2025ರಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿದೆ.

ಭದ್ರತೆ? ಕಾಯಂ ಹುದ್ದೆಗೆ ವೇತನ ಶ್ರೇಣಿ, ತುಟ್ಟಿಭತ್ಯೆ ಇದೆ. ಹೊರಗುತ್ತಿಗೆಯಲ್ಲಿ ಸಂಬಳ ಕೊಡುವುದು ಏಜೆನ್ಸಿ. ಟೆಂಡರ್ ಮುಗಿದರೆ ಆತಂಕ ಶುರು. ವಯೋಮಿತಿ ದಾಟಿದವರಿಗೆ, ಇಲ್ಲವೇ ಕಚೇರಿ ಒಳಗೆ ಹೇಗಿರುತ್ತೆ ಅಂತ ನೋಡಬೇಕೆನ್ನುವವರಿಗೆ ಮಾತ್ರ ಅದು. ಮುಂದೆ ಕಾಯಂ ಮಾಡ್ತಾರೆ ಅನ್ನೋ ಮಾತನ್ನು ನಂಬಿ ಸುಮ್ನೆ ಸೇರಬೇಡಿ.