ಎಂಟನೆಯ ತರಗತಿಗೆ ಹವಾಮಾನ ಬದಲಾವಣೆಯ ಕಾರ್ಯಾಗಾರ: ವಿಜಯಪುರದ ಶಿಕ್ಷಕಿಯೊಬ್ಬಳ ವಿಮರ್ಶೆ

ಕಳೆದ ಜುಲೈಯಲ್ಲಿ ನಮ್ಮ ಪ್ರೌಢಶಾಲೆಯ ಎಂಟನೆಯ ತರಗತಿಗೆ ಖಾಸಗಿ ವಿಜ್ಞಾನ ತಂಡವೊಂದನ್ನು ಕರೆಸಿ, ಹವಾಮಾನ ಬದಲಾವಣೆಯ ಕುರಿತು ಎರಡು ದಿನಗಳ ಕಾರ್ಯಾಗಾರ ನಡೆಸಿದೆವು. ನಲವತ್ತು ಮಕ್ಕಳಿಗೆ ಒಟ್ಟು 6,000 ರೂಪಾಯಿ ಶುಲ್ಕ. ತಂದ ಸಾಮಗ್ರಿಯನ್ನೆಲ್ಲ ಶಾಲೆಗೇ ಬಿಟ್ಟುಹೋದರು. ಎರಡೂ ದಿನ ಕೊನೆಯ ಬೆಂಚಿನಲ್ಲಿ ಕುಳಿತು ಕಂಡದ್ದನ್ನು, ಇಂತಹ ತಂಡವನ್ನು ಕರೆಸಬೇಕೆಂದಿರುವ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ.

ಮೊದಲ ದಿನ ತುಂಬ ಚೆನ್ನಾಗಿತ್ತು. ಪಾಠ ಹೇಳುವ ಬದಲು ಮಕ್ಕಳನ್ನು ಗುಂಪು ಮಾಡಿ, ಬೇವಿನ ಮರದಡಿ, ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡಿನಡಿ, ಫರಸಿ ಹಾಸಿದ ಅಂಗಳದಲ್ಲಿ ಅರ್ಧ ಗಂಟೆಗೊಮ್ಮೆ ಉಷ್ಣತೆ ಅಳೆಯಲು ಕಳುಹಿಸಿದರು. ಮರದಡಿಗೂ ತಗಡಿನಡಿಗೂ ಇದ್ದ ವ್ಯತ್ಯಾಸವೇ ಹವಾಮಾನ ಬದಲಾವಣೆ ಎಂದು ಒಬ್ಬ ಹುಡುಗ ಹೇಳಿದಾಗ, ಬೋಧಕರು ತಪ್ಪೆನ್ನದೆ, ಹಾಗೆ ಹೇಳಲು ಎಷ್ಟು ವರ್ಷದ ಲೆಕ್ಕ ಬೇಕು ಎಂದು ಮರುಪ್ರಶ್ನೆ ಹಾಕಿದರು. ಒಂದು ವರ್ಷ, ಹತ್ತು ವರ್ಷ ಎಂದು ಮಕ್ಕಳು ವಾದಿಸಿ ಮುಗಿಸಿದ ಮೇಲೆಯೇ, ವಿಶ್ವ ಹವಾಮಾನ ಸಂಸ್ಥೆಯು 30 ವರ್ಷಗಳ ಸರಾಸರಿಯನ್ನು ಆಧಾರವಾಗಿ ಹಿಡಿಯುತ್ತದೆ ಎಂಬ ಮಾತು ಬಂತು. ಮನೆಯ ಹಿರಿಯರಿಂದ ಮಳೆಯ ಸಂಗತಿ ಕೇಳಿಕೊಂಡು ಬರಲು ಹೇಳಿದ್ದಕ್ಕೆ, ಮರುದಿನ ಮಕ್ಕಳು ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲಾ ಜೋಳ’ ಎಂಬ ಗಾದೆಯನ್ನೂ, 1972ರ ಬರವನ್ನೂ, 2009ರಲ್ಲಿ ಡೋಣಿ ನದಿ ಉಕ್ಕಿದ್ದನ್ನೂ ಹೊತ್ತು ತಂದರು. ಇವುಗಳಲ್ಲಿ ನೆನಪು ಯಾವುದು, ಅಳತೆ ಯಾವುದು, ನೆನಪನ್ನು ಯಾವ ದಾಖಲೆಯೊಡನೆ ತಾಳೆ ನೋಡಬೇಕು ಎಂದು ಮಕ್ಕಳೇ ವಿಂಗಡಿಸಿದ ಆ ಒಂದು ಗಂಟೆಗೇ ಕೊಟ್ಟ ಹಣ ಸಾರ್ಥಕವಾಯಿತು.

ನನ್ನ ಆಕ್ಷೇಪ ಎರಡನೆಯ ದಿನದ ಬಾಟಲಿ ಪ್ರಯೋಗದ ಕುರಿತು. ಅಡುಗೆ ಸೋಡಾಕ್ಕೆ ಇಂಡಿ ತಾಲ್ಲೂಕಿನ ಲಿಂಬೆಹಣ್ಣಿನ ರಸ ಬೆರೆಸಿ ಬಂದ ಇಂಗಾಲದ ಡೈಆಕ್ಸೈಡನ್ನು ಒಂದು ಬಾಟಲಿಗೆ ತುಂಬಿ, ಇನ್ನೊಂದರಲ್ಲಿ ಬರಿ ಗಾಳಿ ಬಿಟ್ಟು, ಎರಡನ್ನೂ ಬಿಸಿಲಿಗಿಟ್ಟರು. ಮೊದಲನೆಯದು ಹೆಚ್ಚು ಬಿಸಿಯಾಯಿತು. ಅಮೆರಿಕದ ಯೂನಿಸ್ ಫೂಟ್ 1856ರಲ್ಲಿ ಇಂತಹುದೇ ಪ್ರಯೋಗ ಮಾಡಿದ್ದರು ಎಂದು ತಿಳಿಸಿದ್ದು ಒಳ್ಳೆಯದಾಯಿತು. ಆಗ ಹುಡುಗಿಯೊಬ್ಬಳು ಎದ್ದು ನಿಂತು, “ಸರ, ಬ್ಯಾರೆ ಭಾರದ ಗ್ಯಾಸ್ ತುಂಬಿದ್ರೂ ಹಿಂಗ ಆಗತೈತೇನ್ರಿ?” ಎಂದು ಕೇಳಿದಳು. ಬೋಧಕರು ಸಮಯವಿಲ್ಲವೆಂದು ಮುಂದೆ ಸಾಗಿದರು. ಆ ಮಗುವಿನ ಅನುಮಾನ ಸರಿಯಾದದ್ದು. ಗಾಳಿಗಿಂತ ಭಾರದ ಆರ್ಗಾನ್ ಎಂಬ ಅನಿಲವು ವಾತಾವರಣದ ಶಾಖ ಹಿಡಿದಿಡುವ ಹಸಿರುಮನೆ ಅನಿಲವಲ್ಲದಿದ್ದರೂ ಅದನ್ನು ತುಂಬಿದ ಬಾಟಲಿಯೂ ಹೆಚ್ಚುಕಡಿಮೆ ಹಾಗೆಯೇ ಬಿಸಿಯಾಗುತ್ತದೆ. ಭಾರದ ಅನಿಲವು ತಳದಲ್ಲಿ ನೆಲೆನಿಂತು, ಬಿಸಿ ಮೇಲೇರಿ ಹರಡುವುದನ್ನು ತಡೆಯುವುದೇ ಬಾಟಲಿಯಲ್ಲಿ ಮುಖ್ಯ ಕಾರಣ. ವಾತಾವರಣದಲ್ಲಿ ನಡೆಯುವುದು ಬೇರೆ: ನೆಲ ಹೊರಸೂಸುವ ಅವಕೆಂಪು ಕಿರಣಗಳನ್ನು ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಕೈಗಾರಿಕೆಗಳಿಗೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗವಿದ್ದ ಅದು ಈಗ 420ನ್ನು ದಾಟಿದೆ. ಪ್ರಶ್ನೆಯಿಂದಲೇ ಕಲಿಸುತ್ತೇವೆ ಎನ್ನುವವರು ಆ ದಿನದ ಅತ್ಯುತ್ತಮ ಪ್ರಶ್ನೆಯನ್ನು ಕೈಬಿಟ್ಟದ್ದು ನನಗೆ ನಿಜವಾಗಿ ನೋವು ತಂದಿತು. ಮುಂದಿನ ವಾರ ನಾನೇ ಒಂದು ತರಗತಿಯನ್ನು ಅದಕ್ಕೆ ಮೀಸಲಿಟ್ಟೆ.

ಅಭ್ಯಾಸ ಹಾಳೆಗಳಲ್ಲಿ ದಿನದ ಹವೆಗೂ ದೀರ್ಘಕಾಲದ ವಾಯುಗುಣಕ್ಕೂ ‘ಹವಾಮಾನ’ ಎಂಬ ಒಂದೇ ಪದ ಬಳಸಿರುವುದರಿಂದ ಮಕ್ಕಳು ಗೊಂದಲಕ್ಕೀಡಾದರು. ಪಠ್ಯಪುಸ್ತಕದ ‘ವಾಯುಗುಣ’ ಪದವನ್ನೇ ಉಳಿಸಿಕೊಳ್ಳಬೇಕಿತ್ತು.

ಬಾಟಲಿ ಕತ್ತರಿಸಿ ಮಾಡಿದ ಮಳೆಮಾಪಕ ಮಾತ್ರ ಇಂದಿಗೂ ಬಳಕೆಯಲ್ಲಿದೆ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು ಎಂಬ ಲೆಕ್ಕ ಹಿಡಿದು, 200 ಚದರ ಮೀಟರಿನ ಶಾಲೆಯ ಮಾಳಿಗೆಯಿಂದ 10 ಮಿಲಿಮೀಟರ್ ಮಳೆಗೆ 2,000 ಲೀಟರ್ ಹರಿದುಹೋಗುತ್ತದೆಂದು ಮಕ್ಕಳು ತಾವೇ ಕಂಡುಕೊಂಡರು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅಲ್ಲಿ ಹರಳುಕಲ್ಲು ತುಂಬಿ, ನೀರು ಹಾಕಿ, ಆ ಮಟ್ಟವನ್ನೇ ಸೊನ್ನೆಯೆಂದು ಗುರುತಿಸಬೇಕು. ಕೈಪಿಡಿಯಲ್ಲಿ ಇದನ್ನು ಹೇಳಿಲ್ಲ.

ಈ ತಂಡವನ್ನು ಮತ್ತೆ ಕರೆಸುತ್ತೇನೆ. ಆದರೆ ಜುಲೈಯಲ್ಲಲ್ಲ, ಶಾಲೆ ತೆರೆದ ಮೊದಲ ವಾರದಲ್ಲೇ, ಮಿರಗದ (ಮೃಗಶಿರಾ) ಮಳೆಗೆ ಮುಂಚೆ. ಮಳೆಮಾಪಕದ ಅಳತೆ ಬರೆದಿಡುವ ಈ ವರ್ಷದ ನಮ್ಮ ಮಳೆ ಪುಸ್ತಕದಲ್ಲಿ ಜೂನ್ ತಿಂಗಳ ಪುಟ ಖಾಲಿಯೇ ಉಳಿದಿದೆ.