ಕುಷ್ಟಗಿ ಕಡೆಯ ನಮ್ಮೂರ ನೀರಿನ ಘಟಕ: ಮಹಿಳಾ ಸಂಘದ ಕೈಗೆ ಬಂದ ಮೇಲೆ

ಬಸ್ ನಿಲ್ಲುವ ಜಾಗದ ಪಕ್ಕ ತಗಡಿನ ಶೆಡ್ ಇದೆ. ಅದೇ ನಮ್ಮೂರ ಶುದ್ಧ ನೀರಿನ ಘಟಕ. 5 ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಎರಡು ವರ್ಷದ ಹಿಂದೆ ಬರೆದಿದ್ದರೆ ಬರೀ ಬೈದು ಬರೆಯುತ್ತಿದ್ದೆ. ಆಗ ಗುತ್ತಿಗೆಯವರು ನಡೆಸುತ್ತಿದ್ದರು. ನೀರು ಸೋಸುವ ಮೆಂಬ್ರೇನ್ ಕೆಟ್ಟಾಗ ಫೋನ್ ಮಾಡಿದರೆ "ನಾಳೆ ಬರ್ತೀವ್ರಿ" ಅನ್ನೋರು, ಹಾಗೇ ನಾಲ್ಕು ತಿಂಗಳು ಬೀಗ ಬಿತ್ತು, ನಮ್ಮವ್ವ ಮತ್ತೆ ಬೋರ್ ನೀರನ್ನೇ ಕುಡಿದಳು.

ಬೋರ್ ನೀರು ನೋಡೋಕೆ ತಿಳಿಯಾಗೇ ಇರುತ್ತದೆ. ಆದರೆ ಅದರಲ್ಲಿರುವ ಫ್ಲೋರೈಡ್ ಅನ್ನೋ ಲವಣ ಕಣ್ಣಿಗೆ ಕಾಣಲ್ಲ, ನಾಲಿಗೆಗೆ ಗೊತ್ತಾಗಲ್ಲ, ಕುದಿಸಿದರೂ ಹೋಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟಿದರೆ ಹಲ್ಲು, ಮೂಳೆ ಕೆಡುತ್ತವೆ. ಹಲ್ಲು ಕಂದಾದ ಮಕ್ಕಳು, ಮೊಣಕಾಲು ಮಡಚಲಾಗದ ಹಿರಿಯರು ನಮ್ಮೂರಲ್ಲಿ ಓಣಿಗೊಬ್ಬರು ಸಿಗುತ್ತಾರೆ.

ಈಗ ಕೀಲಿ ಸಂಘದ ಅಕ್ಕಂದಿರ ಹತ್ತಿರ ಇದೆ. ಎಷ್ಟು ಕ್ಯಾನ್ ಹೋಯ್ತು, ಕರೆಂಟ್ ಬಿಲ್ ಎಷ್ಟು, ಮುಂದಿನ ಮೆಂಬ್ರೇನ್‌ಗೆ ಎಷ್ಟು ಎತ್ತಿಟ್ಟಿದ್ದಾರೆ, ಎಲ್ಲ ಗೋಡೆಯ ಕರಿಹಲಗೆ ಮೇಲೆ ಬರೆದಿರುತ್ತದೆ. ಪಾಚಿ ಕಟ್ಟಿದ ಕ್ಯಾನ್ ತಂದರೆ "ತಿಕ್ಕೊಂಡು ಬಾರಪ್ಪಾ" ಅಂತ ವಾಪಸ್ ಕಳಿಸುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ, ಆದರೆ ಒಳ್ಳೆ ನೀರನ್ನು ಹೊಲಸು ಕ್ಯಾನಿಗೆ ತುಂಬಿದರೆ ಏನು ಬಂತು?

ನನಗೆ ತುಂಬಾ ಹಿಡಿಸಿದ್ದು, ಶುದ್ಧ ಮಾಡುವಾಗ ಹೊರಬೀಳುವ ವೇಸ್ಟ್ ನೀರಿನ ಕೆಲಸ. ಮೊದಲು ಅದು ರಸ್ತೆಗೆ ಹರಿದು ಕೆಸರು, ಸೊಳ್ಳೆ. ಈಗ ಪೈಪ್ ಎಳೆದು ಪಕ್ಕದ ಶಾಲೆ ಶೌಚಾಲಯದ ಟ್ಯಾಂಕಿಗೆ ಬಿಟ್ಟಿದ್ದಾರೆ. ನೀರಿಲ್ಲ ಅಂತ ಬೀಗ ಹಾಕಿದ್ದ ಹುಡುಗಿಯರ ಶೌಚಾಲಯ ತೆರೆಯಿತು. ಆ ನೀರಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಅಲ್ವಾ, ಅದಕ್ಕೇ ನಲ್ಲಿ ಮೇಲೆ ಕೆಂಪು ಬಣ್ಣದಲ್ಲಿ "ಕುಡಿಯಬೇಡಿ" ಅಂತ ಬರೆಸಿದ್ದಾರೆ.

ಕೊರತೆಯೂ ಇದೆ. ಜಲ ಜೀವನ್ ಮಿಷನ್‌ನಲ್ಲಿ ಊರಿಗೆ ಐದು ಹೆಂಗಸರಿಗೆ ನೀರಿನ ಪರೀಕ್ಷೆ ಕಲಿಸಬೇಕು ಅಂತಿದೆ. ನಮ್ಮಲ್ಲಿ ಕಿಟ್ ಬಂದಿದೆ, ಸುಮ್ನೆ ಕಪಾಟಿನಲ್ಲಿದೆ. ತಿಂಗಳಿಗೊಮ್ಮೆಯಾದರೂ ಪರೀಕ್ಷೆ ಮಾಡಿ ಅದೇ ಹಲಗೆ ಮೇಲೆ ಬರೆಯಲಿ. ಮತ್ತೆ, ಬೆಳಿಗ್ಗೆ ಆರಕ್ಕೆ ತೆರೆಯುತ್ತಾರೆ, ಕೂಲಿಗೆ ಹೋಗುವವರ ಟಂಟಂ ಅಷ್ಟೊತ್ತಿಗೆ ಊರು ಬಿಟ್ಟಿರುತ್ತದೆ. ಐದಕ್ಕೇ ತೆರೆಯಿರಿ ಅಕ್ಕಾ.